ತಲೆಗಿಷ್ಟು ತಂಪು

ಏಪ್ರಿಲ್ 3, ಸೋಮವಾರ

ಇವತ್ತು ಒಂದು ಸೆಟ್ಟು ವಾಪಸ್ಸು ಬಂತು. ಇಪ್ಪತ್ತೆರಡು ವರ್ಷಗಳಲ್ಲಿ ನನ್ನ ಕೈಯಿಂದ ಹೋದ ಹಲ್ಲು ಹೀಗೆ ತವರಿಗೆ ತಿರುಗಿ ಬಂದದ್ದು ಇದೇ ಮೊದಲು. ದೊಡ್ಡ ಡಾಕ್ಟರು ಡಬ್ಬಿಯ ಮೇಲೆ ಚೀಟಿ ಅಂಟಿಸಿದ್ದಾರೆ: ‘ಮುಂದಿನ ಎರಡು ಹಲ್ಲು ಗುಟ್ಟು ಮಾತಾಡುತ್ತಿವೆ. ದಯವಿಟ್ಟು ಬೇರ್ಪಡಿಸಿ.’ ಬಿಚ್ಚಿ ನೋಡಿದರೆ ನಿಜ. ಶನಿವಾರ ನಾನು ನೆಟ್ಟಗೆ ನಿಲ್ಲಿಸಿ ಕಳಿಸಿದವು ಒಂದರ ಹೆಗಲಿಗೊಂದು ಒರಗಿಕೊಂಡಿವೆ.

ತಪ್ಪು ನನ್ನದಲ್ಲ, ಸೆಕೆಯದು. ಊಟಕ್ಕೆ ಕೂತಾಗ ಅತ್ತೆಗೆ ಬಿಡಿಸಿ ಹೇಳಿದೆ. ಕಟ್ಟುಹಲ್ಲನ್ನು ನಾವು ಮೊದಲು ಮೇಣದಲ್ಲಿ ಜೋಡಿಸುತ್ತೇವೆ. ಡಾಕ್ಟರು ಅದನ್ನು ಪೇಷಂಟಿನ ಬಾಯಲ್ಲಿಟ್ಟು ನೋಡಿ ಸೈ ಅಂದ ಮೇಲೆ ಮೇಣ ತೆಗೆದು ಆ ಜಾಗಕ್ಕೆ ಗಟ್ಟಿ ವಸಡು ಹಾಕುತ್ತೇವೆ. ಅಲ್ಲಿಯವರೆಗೆ ಮೇಣ ಮೆತ್ತಗಾಗಕೂಡದು. ಆಯಿತೋ, ಹಲ್ಲಿಗೆ ಕಾಲು ಬಂದುಬಿಡುತ್ತದೆ.

ನಾನು ಮುಗಿಸುವ ಮೊದಲೇ ಅತ್ತೆ ತಮ್ಮ ದೊಡ್ಡಮ್ಮನ ಹಲ್ಲುಸೆಟ್ಟು ಬಾವಿಗೆ ಬಿದ್ದ ಕಥೆ ಶುರು ಮಾಡಿದರು. ನನಗೆ ಅದು ಹತ್ತೊಂಬತ್ತನೇ ಸಲ. ಇವರು ಈಗಷ್ಟೇ ಕೇಳುತ್ತಿರುವವರ ಹಾಗೆ “ಆಮೇಲೇನಾಯ್ತಮ್ಮ?” ಅಂದರು. ತಾಯಿಗೆ ತಕ್ಕ ಮಗ. ಅಷ್ಟರಲ್ಲಿ ಪಕ್ಕದ ಮನೆಯಾಕೆ, ಎದುರು ಮನೆಯಾಕೆ ಎಲ್ಲ ಬಂದು ಸೇರಿದರು. ನಮ್ಮ ಮನೆಯಲ್ಲಿ ಮಾತಿಗೆ ರಜೆ ಅಂತ ಇಲ್ಲ.

ಅದಕ್ಕೇ ನನಗೆ ಲ್ಯಾಬು ಅಂದರೆ ಪ್ರಾಣ. ಅಲ್ಲಿ ನಾವು ನಾಲ್ಕೇ ಜನ. ಮೇಣಕ್ಕೆ ನಾನು, ಲೋಹಕ್ಕೆ ಕುಲುಮೆಯವರು, ಹೊಳಪಿಗೆ ಪಾಲಿಶ್ ಮಾಮ, ಫೋನಿಗೆ ಯಜಮಾನರು. ಉಳಿದವರೆಲ್ಲ ಕಪಾಟಿನಲ್ಲಿರುವ ಪ್ಲಾಸ್ಟರಿನ ದವಡೆಗಳು. ಬಾಯಿ ಇದ್ದೂ ಮಾತಾಡದ ಜನ ಅಂದರೆ ಈ ಲೋಕದಲ್ಲಿ ಅವರು ಮಾತ್ರ.

ಏಪ್ರಿಲ್ 5, ಬುಧವಾರ

ಸೆಕೆಯ ಮೂಲ ಪತ್ತೆಯಾಯಿತು. ಒಂದನೇ ತಾರೀಖಿನಿಂದ ಕಟ್ಟಡದ ಒಂಬತ್ತು ಮಹಡಿಯ ಎ.ಸಿ.ಯೂ ನೆಲಮಾಳಿಗೆಯ ಒಂದೇ ಕಂಪ್ಯೂಟರಿನ ಕೈಗೆ ಹೋಗಿದೆ. ನಮ್ಮ ಗೋಡೆಯ ಮೇಲಿದ್ದ ಗುಂಡಿಯನ್ನು ಕಿತ್ತು, ಆ ತೂತಿನ ಮೇಲೆ ‘ನಿಮ್ಮ ಹಿತವೇ ನಮ್ಮ ಹಿತ’ ಅನ್ನುವ ಸ್ಟಿಕರ್ ಅಂಟಿಸಿದ್ದಾರೆ. ನೆಲಮಾಳಿಗೆಗೆ ಫೋನು ಮಾಡಿದೆ. ಎತ್ತಿದ ಆಪರೇಟರಿನ ದನಿ ಬಹಳ ಮರ್ಯಾದೆಯದು.

“ಮೇಡಂ, ಈಗ ಎಲ್ಲ ತಲೆ ಲೆಕ್ಕ. ಬಾಗಿಲಲ್ಲಿ ಎಷ್ಟು ಕಾರ್ಡು ಮುಟ್ಟಿಸ್ತಾರೋ ಅಷ್ಟು ತಲೆಗೆ ಗಾಳಿ. ನಿಮ್ಮ ಐದನೇ ಮಹಡೀಲಿ ನಾಲ್ಕು ತಲೆ.”

“ನಾಲ್ಕು ತಲೆ, ಎರಡು ಕುಲುಮೆ, ಒಂದು ಕುದಿಯೋ ನೀರಿನ ತೊಟ್ಟಿ.”

“ಕುಲುಮೆಗೆ ಕಾರ್ಡಿದೆಯಾ ಮೇಡಂ?”

“ಇಲ್ಲ.”

“ಹಾಗಾದ್ರೆ ಕಂಪ್ಯೂಟರಿಗೆ ಅದು ಕಾಣಿಸಲ್ಲ.”

ಮೂರನೇ ಮಹಡಿಯ ವಿಮೆ ಕಚೇರಿಯಲ್ಲಿ ನೂರಿಪ್ಪತ್ತು ಜನರಂತೆ. ಅಲ್ಲಿನವರು ಶಾಲು ಹೊದ್ದು, ಬೆರಳು ಊದಿಕೊಳ್ಳುತ್ತ ಟೈಪು ಮಾಡುತ್ತಾರಂತೆ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ.

ಆಪರೇಟರಿಗೆ ಕುಲುಮೆಯವರು ‘ವಾಯುಪುತ್ರ’ ಅಂತ ಹೆಸರಿಟ್ಟರು. ಪಾಲಿಶ್ ಮಾಮ ನಕ್ಕು ನಕ್ಕು ಮಿಷನ್ನು ನಿಲ್ಲಿಸಿದರು. ಕೆಲಸದ ಹೊತ್ತಿನಲ್ಲಿ ಇಂಥದ್ದು ನನಗೆ ಹಿಡಿಸುವುದಿಲ್ಲ.

ಏಪ್ರಿಲ್ 7, ಶುಕ್ರವಾರ

ಎರಡನೇ ಸೆಟ್ಟೂ ವಾಪಸ್ಸು.

ಏಪ್ರಿಲ್ 10, ಸೋಮವಾರ

ದೊಡ್ಡ ಡಾಕ್ಟರು ಖುದ್ದು ಬಂದರು. ನಮಗೆ ಬರುವ ಹತ್ತು ಸೆಟ್ಟಿನಲ್ಲಿ ಏಳು ಅವರವೇ. ಬಂದವರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡು, “ಇನ್ನೊಂದು ಸೆಟ್ಟು ಹೀಗೆ ಬಂದ್ರೆ ಕ್ಷಮಿಸಬೇಕು, ನನ್ನ ಕೆಲಸ ಪೂರ್ತಿ ಬೇರೆ ಲ್ಯಾಬಿಗೆ ಹೋಗುತ್ತೆ” ಅಂದರು. ಯಜಮಾನರು ನನ್ನ ಮುಖ ನೋಡಿದರು. ಆ ಏಳು ಹೋದರೆ ಉಳಿದ ಮೂರಕ್ಕೆ ಲ್ಯಾಬು ತೆರೆದಿಡುವುದು ಯಾವ ಭಾಗ್ಯಕ್ಕೆ?

ಮೂರನೆಯ ಸೆಟ್ಟು ಯಾರದೆಂದರೆ, ಒಬ್ಬ ಈಜು ಮಾಸ್ತರರದು. ಡಾಕ್ಟರ ಜೊತೆಗೇ ಬಂದಿದ್ದರು. ಎಪ್ಪತ್ತು ದಾಟಿದೆ, ಎದೆ ಇನ್ನೂ ಬಾಗಿಲಷ್ಟು ಅಗಲ. ನಲವತ್ತು ವರ್ಷ ಕೊಳದ ದಂಡೆಯ ಮೇಲೆ ನಿಂತು, ಪೀಪಿ ಇಲ್ಲದೆ ಬರೀ ಹಲ್ಲು ನಾಲಿಗೆಯಲ್ಲೇ ಸಿಳ್ಳೆ ಹಾಕಿ ಮಕ್ಕಳಿಗೆ ಈಜು ಕಲಿಸಿದವರು. ಮೇಲಿನ ಹಲ್ಲು ಉದುರಿದ ಮೇಲೆ ಸಿಳ್ಳೆ ಹೋಯಿತು, ಸಿಳ್ಳೆ ಹೋದ ಮೇಲೆ ಅವರು ಕೊಳದ ಕಡೆ ತಲೆ ಹಾಕಿಲ್ಲ.

“ತಿನ್ನೋದಕ್ಕೆ ಬಾರದಿದ್ರೂ ಪರವಾಗಿಲ್ಲ ತಾಯಿ, ಗಂಜಿ ಕುಡೀತೀನಿ. ಸಿಳ್ಳೆ ಬರಬೇಕು” ಅಂದರು.

ಸಿಳ್ಳೆಯ ಹಲ್ಲು ಅಂದರೆ ಕೂದಲೆಳೆ ಲೆಕ್ಕ. ಮೇಣ ತುಸು ಬೆವರಿದರೂ ಕೆಟ್ಟಿತು. ಇಪ್ಪತ್ತೆಂಟನೇ ತಾರೀಖು ಬಾಯಲ್ಲಿಟ್ಟು ನೋಡುವುದು. ಇವತ್ತು ಲ್ಯಾಬಿನಲ್ಲಿ ಮೂವತ್ತಾರು ಡಿಗ್ರಿ.

ಏಪ್ರಿಲ್ 13, ಗುರುವಾರ

ಬರೆಯುವುದೋ ಬೇಡವೋ ಗೊತ್ತಾಗುತ್ತಿಲ್ಲ. ಇದನ್ನು ಯಾರೂ ಓದುವುದಿಲ್ಲವಾದ್ದರಿಂದ ಬರೆಯುತ್ತೇನೆ.

ಬೆಳಿಗ್ಗೆ ಲ್ಯಾಬಿಗೆ ಹೋದರೆ ತಂಪು. ಮೇಣ ಚಾಕುವಿನಡಿ ಟಕ್ಕನೆ ಮುರಿಯುವಷ್ಟು ತಂಪು. ಕುಲುಮೆಯವರು ಮೀಸೆಯಡಿಯಲ್ಲಿ ನಗುತ್ತಿದ್ದರು. ವಿಷಯ ಏನೆಂದರೆ, ನಮ್ಮ ಪ್ರತಿ ದವಡೆಯ ಮೇಲೂ ಪೇಷಂಟಿನ ಹೆಸರಿರುತ್ತದಲ್ಲ, ಅವರು ಕಪಾಟಿನಿಂದ ಹದಿನಾಲ್ಕು ಹೆಸರು ಬರೆದುಕೊಂಡು ಹೋಗಿ ಕೆಳಗಿನ ಕೌಂಟರಿನಲ್ಲಿ ಹದಿನಾಲ್ಕು ಸಂದರ್ಶಕರ ಕಾರ್ಡು ಮಾಡಿಸಿದ್ದಾರೆ. ಬಂದ ಕಾರಣ: ಹಲ್ಲಿನ ಅಳತೆ. ಒಂದೊಂದನ್ನೇ ಬಾಗಿಲಿಗೆ ಮುಟ್ಟಿಸಿದ್ದಾರೆ.

“ಇದು ಸುಳ್ಳಲ್ವಾ?” ಅಂದೆ.

“ಸುಳ್ಳು ಹೇಗಾಗುತ್ತೆ? ಪೂರ್ತಿ ಮನುಷ್ಯ ಬರದಿದ್ರೂ ದವಡೆ ಬಂದಿದೆಯಲ್ಲ.”

ವಾದ ಮಾಡುವವಳಿದ್ದೆ. ಆದರೆ ಮೇಲಿನಿಂದ ಬಂದ ಗಾಳಿ ಬೆನ್ನಿಗೆ ಬಡಿಯಿತು, ನ್ಯಾಯ ಅನ್ಯಾಯ ನಾಳೆ ನೋಡೋಣ ಅನ್ನಿಸಿತು. ಮಾಸ್ತರರ ಮುಂದಿನ ನಾಲ್ಕು ಹಲ್ಲು ನಿಲ್ಲಿಸಿದೆ.

ಏಪ್ರಿಲ್ 17, ಸೋಮವಾರ

ಬೆಂಕಿ ಅಣಕು. ಅಂದರೆ ಬೆಂಕಿ ಬಿದ್ದಿಲ್ಲ, ಬಿದ್ದರೆ ಹೇಗೆ ಓಡುವುದು ಅಂತ ಕಲಿಸುವ ಕಾರ್ಯಕ್ರಮ. ಗಂಟೆ ಹೊಡೆಯಿತು, ಒಂಬತ್ತು ಮಹಡಿಯವರೂ ಇಳಿದು ಅಂಗಳದಲ್ಲಿ ಸಾಲಾಗಿ ನಿಂತೆವು. ಸೆಕ್ಯೂರಿಟಿ ಸಾಹೇಬರು ಕಂಪ್ಯೂಟರಿನ ಪಟ್ಟಿ ಹಿಡಿದು ಎಣಿಸುತ್ತ ಬಂದು ನಮ್ಮ ಮುಂದೆ ನಿಂತರು.

“ಐದನೇ ಮಹಡಿ, ಹದಿನೆಂಟು ಜನ. ಇಲ್ಲಿರೋದು ನಾಲ್ಕು. ಉಳಿದ ಹದಿನಾಲ್ಕು ಜನ ಎಲ್ಲಿ?”

ಯಜಮಾನರು ಬಗ್ಗಿ ಬೂಟಿನ ಲೇಸು ಕಟ್ಟತೊಡಗಿದರು. ಸಾಹೇಬರ ಮುಖ ಬಿಳಿಚಿಕೊಂಡಿತು. “ಮೇಲೇ ಸಿಕ್ಕಿಹಾಕಿಕೊಂಡಿದ್ದಾರಾ?”

“ಕಪಾಟಿನಲ್ಲಿದ್ದಾರೆ ಸಾರ್” ಅಂದರು ಕುಲುಮೆಯವರು.

ಹೆಲ್ಮೆಟ್ಟಿನವರು ನಾಲ್ವರು ಸ್ಟ್ರೆಚರ್ ಹೊತ್ತುಕೊಂಡು ಮೆಟ್ಟಿಲು ಹತ್ತಿದರು. ತಿರುಗಿ ಇಳಿದದ್ದು ಹತ್ತು ನಿಮಿಷದ ಮೇಲೆ. ಸ್ಟ್ರೆಚರಿನ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಸಾಲಾಗಿ ಹದಿನಾಲ್ಕು ಜೊತೆ ದವಡೆ. ಅಂಗಳದಲ್ಲಿ ಐನೂರು ಜನ. ಸಾಹೇಬರು ಕರ್ತವ್ಯನಿಷ್ಠರು, ಪಟ್ಟಿ ಹಿಡಿದು ಹೆಸರು ಕೂಗಿ ಒಂದೊಂದಕ್ಕೂ ಗುರುತು ಹಾಕಿಕೊಂಡರು. ನಡುವೆ ನಿಲ್ಲಿಸಿ ನನ್ನನ್ನೇ ಕೇಳಿದರು, “ಮೇಲಿನದು ಕೆಳಗಿನದು ಸೇರಿ ಒಬ್ಬರಾ, ಇಬ್ಬರಾ?”

ನಾನು ನಗಲಿಲ್ಲ. ಕೆಮ್ಮು ಬಂತು. ಕೆಮ್ಮು ನಿಲ್ಲದೆ ಕಂಬ ಹಿಡಿದುಕೊಂಡು ಕೂರಬೇಕಾಯಿತು.

ಏಪ್ರಿಲ್ 18, ಮಂಗಳವಾರ

ಹದಿನಾಲ್ಕು ಕಾರ್ಡೂ ರದ್ದು. ಐದನೇ ಮಹಡಿಯ ಬಾಗಿಲಿಗೆ ಒಬ್ಬ ಗಾರ್ಡನ್ನು ಕೂರಿಸಿದ್ದಾರೆ. ಕಾರ್ಡಿಗೊಂದು ಮುಖ ತೋರಿಸಬೇಕು, ಮುಖಕ್ಕೆ ಮೈಯೂ ಇರಬೇಕು. ಯಜಮಾನರು ಕಟ್ಟಡದವರಿಗೆ ಕೈಮುಗಿದು ಬಂದರು. ಬೀಸುವ ದೊಣ್ಣೆ ತಪ್ಪಿತು, ಆದರೆ ಸೆಕೆ ತಪ್ಪಲಿಲ್ಲ.

ವಾಯುಪುತ್ರನಿಗೆ ಫೋನು. ಹದಿನೈದು ತಲೆಯಾದರೆ ಗಾಳಿಯ ಬಾಗಿಲು ಪೂರ್ತಿ ತೆರೆಯುತ್ತದಂತೆ. ಕುಲುಮೆಯ ವಿಷಯ ಮೇಲಿನವರಿಗೆ ಬರೆದಿದ್ದಾನಂತೆ, ಉತ್ತರ ಯಾವಾಗ ಬರುತ್ತದೋ ಗೊತ್ತಿಲ್ಲವಂತೆ.

“ನಿಮ್ಮ ಕೋಣೆ ತಂಪಾಗಿರಬೇಕಲ್ಲ?” ಅಂದೆ, ಸ್ವಲ್ಪ ಕೊಂಕಾಗಿಯೇ.

“ಇಲ್ಲಿ ಒಂದೇ ತಲೆ ಮೇಡಂ” ಅಂದ. “ಬನಿಯನ್ನಲ್ಲಿ ಕೂತಿದ್ದೀನಿ.”

ಪಾಪ. ಈಗ ಹನ್ನೊಂದು ತಲೆ ಎಲ್ಲಿಂದ ತರಲಿ? ಊಟದ ಹೊತ್ತಿನಲ್ಲಿ ಬಾಯಿ ತಪ್ಪಿ ಮನೆಯಲ್ಲಿ ಹೇಳಿಬಿಟ್ಟೆ.

ಅತ್ತೆ ತಟ್ಟೆ ಪಕ್ಕಕ್ಕಿಟ್ಟರು. “ಸುಮ್ನೆ ಕೂತಿರಬೇಕು ಅಷ್ಟೇ ತಾನೆ?”

“ಬೇಡ ಅತ್ತೆ, ನಿಮಗೆ ತೊಂದರೆ.”

“ತೊಂದರೆ ಎಂಥದ್ದೇ? ಕೂತ್ಕೊಳ್ಳೋದು ನನಗಿಂತ ಚೆನ್ನಾಗಿ ಯಾರಿಗೆ ಬರುತ್ತೆ?” ಅಷ್ಟು ಹೇಳಿ ಎದುರು ಮನೆಯ ಕಿಟಕಿಗೆ ಮುಖ ಮಾಡಿ ಕೂಗಿಯೇಬಿಟ್ಟರು. ಯಾವುದನ್ನು ಬಿಟ್ಟು ದಿನಾ ಬೆಳಿಗ್ಗೆ ಲ್ಯಾಬಿಗೆ ಓಡುತ್ತೇನೋ, ಅದೇ ನಾಳೆ ಬಸ್ಸು ಹತ್ತಿ ನನ್ನ ಜೊತೆ ಬರುತ್ತದೆ.

ಏಪ್ರಿಲ್ 19, ಬುಧವಾರ

ಏಳು ಜನ ಬಂದರು. ಅತ್ತೆ, ಅವರ ಅಕ್ಕಪಕ್ಕದ ಮನೆಯ ಐವರು ಗೆಳತಿಯರು, ಅದರಲ್ಲೊಬ್ಬಾಕೆಯ ಗಂಡ. ಈಜು ಮಾಸ್ತರರೂ ಬಂದರು. “ನನ್ನ ಹಲ್ಲು ಕಾಯೋದಕ್ಕೆ ನಾನು ಬರದಿದ್ರೆ ಹೇಗೆ?” ಅಂದರು. ಅಲ್ಲಿಗೆ ಹನ್ನೆರಡು. ಇನ್ನು ಮೂರು.

ಆ ಮೂರು ತಾವಾಗಿಯೇ ಬಂದವು. ಬೆಂಕಿ ಅಣಕಿನ ದಿನ ನಮ್ಮ ದವಡೆಗಳನ್ನು ನೋಡಿದ್ದ ವಿಮೆ ಕಚೇರಿಯ ಮ್ಯಾನೇಜರು, ಶಾಲು ಹೊದ್ದ ಇಬ್ಬರನ್ನು ಹಿಂದೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. “ನಿಮ್ಮಲ್ಲಿ ಕುಲುಮೆ ಇದೆಯಂತೆ. ಸ್ವಲ್ಪ ಕೈ ಕಾಯಿಸ್ಕೋಬಹುದಾ?”

ಹೀಗೆ ಚಳಿಯವರು ಬಿಸಿಗೆ ಬಂದರು, ಅವರು ಬಂದದ್ದಕ್ಕೆ ನಮಗೆ ಚಳಿ ಬಂತು. ಹನ್ನೊಂದು ಗಂಟೆಗೆ ಮೇಲಿನ ಗಾಳಿ ಪೂರ್ತಿ ತೆರೆದುಕೊಂಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ, ಕೈಯಲ್ಲಿ ಬಿಸಿ ಚಾಕು ಇತ್ತು.

ಗಲಾಟೆಯೆಂದರೆ ಗಲಾಟೆ. ಕಿವಿಗೆ ಹತ್ತಿ ಇಟ್ಟುಕೊಂಡು ಕೆಲಸ ಮಾಡಿದೆ.

ಏಪ್ರಿಲ್ 21, ಶುಕ್ರವಾರ

ಒಂದು ಸಣ್ಣ ಗಣಿತ. ತಲೆ ಹೆಚ್ಚಿದಷ್ಟೂ ಗಾಳಿ ಹೆಚ್ಚು, ಆದರೆ ಪ್ರತಿ ತಲೆಯ ಕೆಳಗೆ ಒಂದು ಬಿಸಿ ಮೈಯೂ ಇರುತ್ತದೆ. ಇಪ್ಪತ್ತು ಜನ ದಾಟಿದರೆ ಲಾಭಕ್ಕಿಂತ ನಷ್ಟವೇ ಜಾಸ್ತಿ ಅಂತ ವಾಯುಪುತ್ರ ಲೆಕ್ಕ ಹಾಕಿ ಹೇಳಿದ. ಕುಲುಮೆಯವರ ಪ್ರಕಾರ ಅತ್ತೆ ಕಥೆ ಹೇಳುವಾಗ ಮೂರು ತಲೆಯಷ್ಟು ಬಿಸಿ ಬಿಡುತ್ತಾರೆ. ಹಾಗಾಗಿ ದೊಡ್ಡಮ್ಮನ ಹಲ್ಲು ಬಾವಿಗೆ ಬೀಳುವಾಗ ಇಬ್ಬರನ್ನು ಹೊರಗೆ ಕಳಿಸಬೇಕು. ವಿಮೆಯ ಮ್ಯಾನೇಜರು ಮಾತ್ರ ಹೋಗಲೊಲ್ಲರು. ಬಾವಿಯಿಂದ ಹಲ್ಲು ಮೇಲೆ ಬಂತೋ ಇಲ್ಲವೋ ತಿಳಿಯಬೇಕಂತೆ.

ಪಾಲಿಶ್ ಮಾಮ ಎದುರು ಮನೆಯಾಕೆಯ ಬೆಳ್ಳಿ ಬಳೆಗೆ ಹೊಳಪು ಹಾಕಿಕೊಟ್ಟರು. ಈಗ ಎಲ್ಲರ ಬಳೆಗಳೂ ಸಾಲಿನಲ್ಲಿವೆ. ಮಾಸ್ತರರು ಮಂಡಿನೋವಿನವರಿಗೆ ಕುರ್ಚಿಯ ಮೇಲೆ ಕೂತೇ ಈಜುವುದನ್ನು ಕಲಿಸುತ್ತಿದ್ದಾರೆ. ಎಂಟು ಜನ ಗಾಳಿಯಲ್ಲಿ ಕೈಕಾಲು ಬಡಿಯುತ್ತಿರುವಾಗ ಗಾರ್ಡು ಒಳಗೆ ಇಣುಕಿ, ಏನೂ ಕೇಳದೆ ಬಾಗಿಲು ಮುಚ್ಚಿದ.

ಕಿವಿಯ ಹತ್ತಿ ಎಲ್ಲೋ ಬಿತ್ತು. ಹುಡುಕಲು ಪುರಸೊತ್ತಾಗಲಿಲ್ಲ.

ಏಪ್ರಿಲ್ 24, ಸೋಮವಾರ

ಕೆಟ್ಟ ದಿನ. ಮಾಸ್ತರರ ಮುಂದಿನ ಎರಡು ಹಲ್ಲಿನ ನಡುವಿನ ಸಂದು ಕೂರಿಸುತ್ತಿದ್ದೆ. ಅದೇ ಹೊತ್ತಿಗೆ ಅತ್ತೆ ಹೊಸ ಕಥೆ ತೆಗೆದರು, ನನ್ನದು.

“ಇವಳು ಮದುವೆಯಾಗಿ ಬಂದ ಹೊಸದರಲ್ಲಿ ಮೂರು ವಾರ ತುಟಿ ಬಿಚ್ಚಲಿಲ್ಲ. ನನ್ನ ಸೊಸೆ ಮೂಗಿ ಅಂತಲೇ ತಿಳ್ಕೊಂಡಿದ್ದೆ. ಪರೀಕ್ಷೆ ಮಾಡೋಣ ಅಂತ ಒಂದಿನ ಅವಳ ಹಿಂದೆ ನಿಂತು ಹಿತ್ತಾಳೆ ಕೊಡಪಾನ ಧಡಾರ್ ಅಂತ ಬೀಳಿಸಿದೆ...”

ಹದಿನೈದು ಜನ ಗೊಳ್ಳೆಂದು ನಕ್ಕರು. ನನ್ನ ಕೈ ಅಲುಗಿತು, ಹಲ್ಲು ಜಾರಿತು.

“ನಾನು ತಲೆ ಬೇಕು ಅಂದಿದ್ದೆ, ಬಾಯಿ ಬೇಕು ಅಂದಿರಲಿಲ್ಲ” ಅಂದೆ. ಜೋರಾಗಿಯೇ ಅಂದೆ.

ಅತ್ತೆ ಚೀಲ ಎತ್ತಿಕೊಂಡು ಎದ್ದರು. ಗೆಳತಿಯರೂ ಎದ್ದರು. ಹೋಗುವಾಗ ಯಾರೂ ತಿರುಗಿ ನೋಡಲಿಲ್ಲ. ಸದ್ಯ, ಇನ್ನಾದರೂ ನೆಮ್ಮದಿಯಾಗಿ ಕೆಲಸ ಮಾಡಬಹುದು.

ಏಪ್ರಿಲ್ 25, ಮಂಗಳವಾರ

ಅತ್ತೆಯ ಪಡೆ ಬರಲಿಲ್ಲ, ಕಥೆಯಿಲ್ಲವೆಂದು ವಿಮೆಯವರೂ ಬರಲಿಲ್ಲ. ಮೂವತ್ತೇಳು ಡಿಗ್ರಿ. ಮಧ್ಯಾಹ್ನದ ಹೊತ್ತಿಗೆ ಮಾಸ್ತರರ ಮುಂದಿನ ಆರು ಹಲ್ಲೂ ಕೆಳಗಿಳಿದವು. ಮಾಸ್ತರರೊಬ್ಬರೇ ಬಂದು ಸಂಜೆಯವರೆಗೆ ತಮ್ಮ ಹಲ್ಲಿಗೆ ತಾವೇ ರಟ್ಟಿನಿಂದ ಗಾಳಿ ಹಾಕುತ್ತ ಕೂತಿದ್ದರು.

ಮನೆಯಲ್ಲೂ ಯಾರೂ ಮಾತಾಡಲಿಲ್ಲ. ಅತ್ತೆ ಬೇಗ ಮಲಗಿದರು. ಇಷ್ಟು ವರ್ಷ ಈ ಮೌನವನ್ನೇ ಬಯಸಿದ್ದೆ. ಊಟ ಸೇರಲಿಲ್ಲ.

ಏಪ್ರಿಲ್ 26, ಬುಧವಾರ

ಬೆಳಿಗ್ಗೆ ಅತ್ತೆ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದರು. ಹೋಗಿ ಇನ್ನೊಂದು ತುದಿ ಹಿಡಿದೆ. ಲ್ಯಾಬಿನ ಅನಿವಾರ್ಯಕ್ಕೆ ಹೋದದ್ದು, ಬೇರೇನಿಲ್ಲ. ಇಬ್ಬರೂ ಸೇರಿ ಮೂರು ಸೀರೆ ಹರವಿ ಮುಗಿಸಿದೆವು.

“ಆ ಕಥೆ ಅರ್ಧಕ್ಕೇ ನಿಂತಿತಲ್ಲ ಅತ್ತೆ” ಅಂದೆ. “ಕೊಡಪಾನ ಬಿದ್ದ ಮೇಲೆ ಏನಾಯ್ತು?”

ಅತ್ತೆ ದಿಂಬಿನ ಚೀಲವನ್ನು ಎರಡು ಸಲ ಹಿಂಡಿದರು. ತಡೆದುಕೊಂಡರು, ತಡೆದುಕೊಂಡರು. ಕಥೆ ಕೇಳಿದವರಿಗೆ ಇಲ್ಲ ಅನ್ನುವುದು ಅವರ ಜಾಯಮಾನದಲ್ಲೇ ಇಲ್ಲ.

“ಏನಾಗುತ್ತೆ? ನೀನು ತಿರುಗಿ ನೋಡಿ, ಕೊಡಪಾನ ಎತ್ತಿಟ್ಟು ಹೋದೆ. ಮಾರನೇ ದಿನ ನಿನ್ನ ಕೋಣೆಯಿಂದ ಮಾತು ಕೇಳಿಸ್ತು. ಅಬ್ಬ, ಬಾಯಿ ಬಂತು ಅಂತ ಓಡಿ ಬಂದೆ. ನೋಡಿದ್ರೆ ನೀನು ಮೇಜಿನ ಮೇಲೆ ಒಂದು ದವಡೆ ಇಟ್ಕೊಂಡು ಅದರ ಹತ್ರ ಮಾತಾಡ್ತಿದ್ದೆ. ‘ಸ್ವಲ್ಪ ಬಾಯಿ ತೆಗಿ, ನೋವಾಗಲ್ಲ’ ಅಂತ. ಎಷ್ಟು ಮುದ್ದಾಗಿ ಮಾತಾಡ್ತಿದ್ದೆ ಗೊತ್ತಾ?” ಅತ್ತೆ ಕಣ್ಣು ಒರೆಸಿಕೊಂಡರು. “ಎಲ್ಲರೂ ನಗಲಿ ಅಂತ ಹೇಳ್ತೀನಿ. ಆದ್ರೆ ಅವತ್ತು ನನಗೆ ನಗು ಬರಲಿಲ್ಲ. ಪ್ಲಾಸ್ಟರ್ ದವಡೆಗೆ ಇರೋ ಪುಣ್ಯ ನನಗಿಲ್ಲವಲ್ಲ ಅಂತ ಹೊಟ್ಟೆ ಉರೀತು.”

ನನಗೆ ಇದು ಗೊತ್ತೇ ಇರಲಿಲ್ಲ. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದೂ ಗೊತ್ತಿರಲಿಲ್ಲ.

“ತಪ್ಪಾಯ್ತು ಅತ್ತೆ” ಅಂದೆ. “ಮೊನ್ನೆದೂ ತಪ್ಪು, ಆವತ್ತಿನದೂ ತಪ್ಪು.”

“ಹೋಗ್ಲಿ ಬಿಡು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಇವತ್ತು ಎಷ್ಟು ತಲೆ ಬೇಕು?”

ಹನ್ನೊಂದು ಗಂಟೆಗೆ ಹದಿನೇಳು ಜನ. ಹಲ್ಲುಗಳನ್ನೆಲ್ಲ ಕಿತ್ತು ಮೊದಲಿನಿಂದ ಶುರು ಮಾಡಿದೆ. ಸಂದು ಕೂರಿಸುವಾಗ ಅತ್ತೆಯೇ ಬಾಯಿಗೆ ಬೆರಳಿಟ್ಟು ಎಲ್ಲರನ್ನೂ ಸುಮ್ಮನಾಗಿಸಿದರು. ಅಷ್ಟು ಜನ ಉಸಿರು ಬಿಗಿಹಿಡಿದರೆ ಇನ್ನೂ ಭಯವಾಗುತ್ತದೆ, ಮಾತಾಡ್ತಾ ಇರಿ ಅಂದೆ.

ಏಪ್ರಿಲ್ 28, ಶುಕ್ರವಾರ

ಇವತ್ತಿನದನ್ನು ಹೇಗೆ ಬರೆಯಲಿ?

ಬೆಳಿಗ್ಗೆ ಎಂಟಕ್ಕೆ ಫೋನು. “ಮೇಡಂ, ಉತ್ತರ ಬಂತು!” ಅಂದ ವಾಯುಪುತ್ರ. “ನಿಮ್ಮ ಕುಲುಮೆ ಎರಡಕ್ಕೂ ಹತ್ತತ್ತು ತಲೆ ಅಂತ ಬರೆದುಕೊಂಡಿದ್ದೀವಿ. ಇನ್ನು ಯಾರೂ ಬರಬೇಕಾಗಿಲ್ಲ. ನೀವು ನಾಲ್ವರೇ ಇದ್ರೂ ತಂಪಾಗೇ ಇರುತ್ತೆ.”

ಸಂತೋಷ ಅಂದೆ. ಆಮೇಲೆ ಈ ವಿಷಯ ಯಾರಿಗೂ ಹೇಳಬೇಡಪ್ಪ ಅಂದೆ. ಪರೀಕ್ಷೆಯ ದಿನ ಹೊಸ ವ್ಯವಸ್ಥೆಯನ್ನು ನಂಬಲಾದೀತೆ? ಮುಂಜಾಗ್ರತೆ, ಅಷ್ಟೇ. ಅತ್ತೆ ಹತ್ತು ಗಂಟೆಗೆ ಸರಿಯಾಗಿ ತಮ್ಮ ಪಡೆ ಕರೆದುಕೊಂಡು ಬಂದರು. ಮೇಣ ದಾರಿಯ ಬಿಸಿಲಿಗೆ ಸಿಗುವುದು ಬೇಡವೆಂದು ದೊಡ್ಡ ಡಾಕ್ಟರು ತಾವೇ ಬಂದರು. ವಿಮೆಯವರು ಬಂದರು. ವಾಯುಪುತ್ರನೂ ಅಂಗಿ ಹಾಕಿಕೊಂಡು ಮೇಲೆ ಬಂದ. ದನಿ ಕೇಳಿ ಎಳೆಯವನೆಂದುಕೊಂಡಿದ್ದೆ, ತಲೆ ಪೂರ್ತಿ ನರೆತಿದೆ.

ಡಾಕ್ಟರು ಸೆಟ್ಟನ್ನು ಮಾಸ್ತರರ ಬಾಯಲ್ಲಿಟ್ಟರು. ಮುಖಕ್ಕೆ ಕೂತಿತು, ತುಟಿಗೆ ಕೂತಿತು. ಡಾಕ್ಟರು ಹುಬ್ಬೇರಿಸಿ ನನ್ನ ಕಡೆ ನೋಡಿದರು.

“ಸಿಳ್ಳೆ ಹಾಕಿ ಮಾಸ್ತರೇ” ಅಂದೆ.

ಊದಿದರು. ಬರೀ ಗಾಳಿ.

ಇನ್ನೊಮ್ಮೆ ಊದಿದರು. ಟೈರಿನ ಪಂಕ್ಚರು. ಮಾಸ್ತರರ ಅಗಲ ಎದೆ ಸಣ್ಣದಾಯಿತು. “ವಯಸ್ಸಾಯ್ತು ತಾಯಿ. ನಿಮ್ಮ ತಪ್ಪಲ್ಲ” ಅಂದರು. ಯಜಮಾನರು ಗೋಡೆಯ ಕಡೆ ತಿರುಗಿದರು.

ಆಗ ಅತ್ತೆ ಅಂದರು, “ಅವರನ್ನ ಕೂರಿಸಿಬಿಟ್ಟಿದ್ದೀರಲ್ಲ! ಕೊಳದ ದಂಡೆ ಮೇಲೆ ಕೂತು ಹಾಕ್ತಿದ್ರಾ ಸಿಳ್ಳೆ? ನಿಂತು ತಾನೆ?”

ಹೌದಲ್ಲ! ಮಾಸ್ತರರನ್ನು ನಿಲ್ಲಿಸಿದೆವು. ನಿಂತರೆ ಗಲ್ಲ ಮೇಲಾಗುತ್ತದೆ, ನಾಲಿಗೆ ಹಿಂದೆ ಸರಿಯುತ್ತದೆ. ನಾನು ಬೆಳಕು ಹಿಡಿದು ನೋಡಿದೆ. ಎಡಗಡೆಯ ಹಲ್ಲು ಒಂದೇ ಒಂದು ಎಳೆಯಷ್ಟು ಮುಂದಿತ್ತು. ಸೆಟ್ಟು ತೆಗೆದು, ಚಾಕು ಕಾಯಿಸಿ, ಹೆಬ್ಬೆರಳಲ್ಲಿ ಒತ್ತಿ, ತಣ್ಣೀರಲ್ಲಿ ಅದ್ದಿ, ಮತ್ತೆ ಇಟ್ಟೆ. “ಸ್ವಲ್ಪ ಬಾಯಿ ತೆಗೀರಿ, ನೋವಾಗಲ್ಲ” ಅಂದೆ.

ಸಿಳ್ಳೆ ಬಂತು.

ಬಂತು ಅಂದರೆ ಬಂತು! ಕಿಟಕಿಯ ಗಾಜು ನಡುಗಿತು. ಪಾಲಿಶ್ ಮಾಮ ಕೈಯಲ್ಲಿದ್ದ ಬಳೆ ಬಿಟ್ಟರು. ವಿಮೆಯ ಮ್ಯಾನೇಜರು, ಐವತ್ತು ವರ್ಷದ ಮನುಷ್ಯ, ಕುರ್ಚಿಯಿಂದ ಛಂಗನೆ ಎದ್ದು, ಮಂಡಿ ಬಗ್ಗಿಸಿ, ಎರಡೂ ಕೈ ಮುಂದೆ ಚಾಚಿ ನೀರಿಗೆ ಹಾರುವ ಭಂಗಿಯಲ್ಲಿ ನಿಂತುಬಿಟ್ಟರು. ಮಾಸ್ತರರು ಅವರನ್ನು ದಿಟ್ಟಿಸಿದರು.

“ಕಾಲು ಜೋಡಿಸು! ಆಗಲೂ ನಿಂದು ಅದೇ ತಪ್ಪು.”

“ಸಾರ್, ನೀವಾ ಸಾರ್?” ಅಂದರು ಮ್ಯಾನೇಜರು. ಹತ್ತು ದಿನದಿಂದ ಪಕ್ಕಪಕ್ಕ ಕೂತಿದ್ದಾರೆ! ಹಲ್ಲಿಲ್ಲದ ಮುಖ, ಸಿಳ್ಳೆಯಿಲ್ಲದ ಬಾಯಿ, ಗುರುತು ಹತ್ತುವುದಾದರೂ ಹೇಗೆ?

ಮಾಸ್ತರರು ಮತ್ತೆ ಮತ್ತೆ ಸಿಳ್ಳೆ ಹಾಕಿದರು. ಅಳುತ್ತಲೇ ಹಾಕಿದರು. ದೊಡ್ಡ ಡಾಕ್ಟರು ಯಜಮಾನರ ಕೈ ಕುಲುಕಿ, “ಸೋಮವಾರ ಒಂಬತ್ತು ಸೆಟ್ಟು ಕಳಿಸ್ತೀನಿ” ಅಂದರು. ಅತ್ತ ಕುಲುಮೆಯವರೂ ವಾಯುಪುತ್ರನೂ ತಬ್ಬಿಕೊಂಡು ಕುಣಿಯುತ್ತಿದ್ದರು. ಅತ್ತೆ ನನ್ನ ಸೊಂಟ ಹಿಡಿದುಕೊಂಡು ನಗುತ್ತಿದ್ದರು. ನಾನೂ ನಕ್ಕೆ. ಕೆಮ್ಮಲ್ಲ, ನಗುವೇ. ಹೊಟ್ಟೆ ಹಿಡಿದುಕೊಂಡು, ಮೂಗಲ್ಲಿ ನೀರು ಬರುವವರೆಗೆ ನಕ್ಕೆ.

ಮೇ 3, ಬುಧವಾರ

ಎಲ್ಲ ಮುಗಿಯಿತು. ಮಾಸ್ತರರ ಗಟ್ಟಿ ಸೆಟ್ಟು ಮೊನ್ನೆ ಹೋಯಿತು, ನಿನ್ನೆಯಿಂದ ಅವರು ಕೊಳಕ್ಕೆ ಹೋಗುತ್ತಿದ್ದಾರಂತೆ. ಹಲ್ಲು ಆದ ಮೇಲೆ ಇನ್ನು ಕೂರುವುದೇಕೆಂದು ಅತ್ತೆಯೂ ಗೆಳತಿಯರೂ ಸೋಮವಾರದಿಂದ ಬಂದಿಲ್ಲ. ನಾನು ಯಾರಿಗೂ ಏನೂ ಹೇಳಿಲ್ಲ, ಅವರಾಗಿಯೇ ನಿಲ್ಲಿಸಿದರು.

ಲ್ಯಾಬು ಬಹಳ ಅನುಕೂಲವಾಗಿದೆ. ಇಪ್ಪತ್ತೊಂದು ಡಿಗ್ರಿ. ನಾಲ್ಕೇ ಜನ. ಸದ್ದಿಲ್ಲ. ಮೇಣ ಹೇಳಿದ ಮಾತು ಕೇಳುತ್ತದೆ. ಬೆಳಿಗ್ಗೆಯಿಂದ ಮೂರು ಹಲ್ಲು ನಿಲ್ಲಿಸಿದ್ದೇನೆ. ಎಲ್ಲ ನೆಟ್ಟಗಿವೆ. ಹತ್ತು ಗಂಟೆಗೆ ಎದ್ದು ಖಾಲಿ ಕುರ್ಚಿಗಳನ್ನು ಗೋಡೆಯ ಪಕ್ಕ ಪೇರಿಸಿಟ್ಟೆ. ಹತ್ತೂವರೆಗೆ ಮತ್ತೆ ಇಳಿಸಿ ಒರೆಸಿದೆ. ಧೂಳು ಕೂತಿತ್ತು.

ಹನ್ನೊಂದಕ್ಕೆ ಮನೆಗೆ ಫೋನು ಮಾಡಿದೆ.

“ಅತ್ತೆ, ಇಲ್ಲಿ ಸೆಕೆ ತಡೆಯೋಕಾಗ್ತಿಲ್ಲ. ಸ್ವಲ್ಪ ಬರ್ತೀರಾ?”

“ಅಯ್ಯೋ, ಮತ್ತೆ ಶುರುವಾಯ್ತಾ? ಎಷ್ಟು ಜನ ಬೇಕೇ?”

“ಎಲ್ಲರೂ ಬನ್ನಿ. ಬರುವಾಗ ಸ್ವೆಟರ್ ಹಾಕ್ಕೊಂಡು ಬನ್ನಿ.”

“ಸೆಕೆ ಅಂತೀಯ, ಸ್ವೆಟರ್ ಯಾತಕ್ಕೇ?”

ಫೋನು ಕಿವಿಗೊತ್ತಿಕೊಂಡೇ ಒಂದು ಖಾಲಿ ಕುರ್ಚಿಯನ್ನು ನನ್ನ ಮೇಜಿನ ಪಕ್ಕಕ್ಕೆ ಎಳೆದೆ. ಆ ಸದ್ದು ಅತ್ತೆಗೂ ಕೇಳಿಸಿರಬೇಕು.

“ಸರಿ, ನಿನಗೂ ಒಂದು ತರ್ತೀನಿ” ಅಂದರು.